ವಿಶೇಷ ಶಾಲೆಯ ರಕ್ಷಕ-ಶಿಕ್ಷಕ ಸಂಘ: ಕಾನೂನು ಕೊಡದ ಕುರ್ಚಿಯಲ್ಲಿ ಅಮ್ಮಂದಿರು

ಕರಾವಳಿಯಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ರಕ್ಷಕ-ಶಿಕ್ಷಕ ಸಂಘದ ಮಹಾಸಭೆ ಬರುತ್ತದೆ. ಕೆಲವು ಶಾಲೆಗಳಲ್ಲಿ ಅಧ್ಯಕ್ಷರ ಆಯ್ಕೆ ಪಂಚಾಯತ್ ಚುನಾವಣೆಯಷ್ಟೇ ಬಿಸಿ ಇರುತ್ತದೆ. ಬುದ್ಧಿಮಾಂದ್ಯ ಮಕ್ಕಳು, ಆಟಿಸಂ ಇರುವ ಮಕ್ಕಳು ಓದುವ ವಿಶೇಷ ಶಾಲೆಗಳಲ್ಲಿ ಆ ಪೈಪೋಟಿ ಕಾಣುವುದು ಅಪರೂಪ. ಅಧ್ಯಕ್ಷರು ಯಾರಾಗುತ್ತೀರಿ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಹೋದ ವರ್ಷ ಇದ್ದವರೇ ‘ಆಯ್ತು’ ಅನ್ನುತ್ತಾರೆ. ಹೆಚ್ಚಾಗಿ ಅವರು ಒಬ್ಬ ತಾಯಿ.

ಇದು ಯಾಕೆ ಹೀಗೆ ಅಂತ ನೋಡಲು ಮೊದಲು ಕಾನೂನು ನೋಡಬೇಕು. ನಮ್ಮ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಆದರೆ ಮಂಗಳೂರು, ಉಡುಪಿಯ ವಿಶೇಷ ಶಾಲೆಗಳು ಬಹುಪಾಲು ಚರ್ಚ್, ಟ್ರಸ್ಟ್, ಸೇವಾ ಸಂಸ್ಥೆಗಳು ಕಟ್ಟಿದವು. ಸರ್ಕಾರದ ಲೆಕ್ಕದಲ್ಲಿ ಇವು ಬರುವುದು ಶಿಕ್ಷಣ ಇಲಾಖೆಗಲ್ಲ, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ. ಹಾಗಾಗಿ ಎಸ್‌ಡಿಎಂಸಿ ಇಲ್ಲ. ಪೋಷಕರ ಸಂಘ ಇದ್ದರೆ ಅದು ಶಾಲೆಯ ಒಳ್ಳೆಯ ಮನಸ್ಸಿನಿಂದ, ಇಲ್ಲವೇ ಪೋಷಕರ ಹಟದಿಂದ.

ಒಳ್ಳೆಯ ಮನಸ್ಸೇ ಮೊದಲು ಬಂದದ್ದು. ಮಂಗಳೂರು ಬೆಂದೂರಿನ ಸೇಂಟ್ ಆಗ್ನೆಸ್ ವಿಶೇಷ ಶಾಲೆಯನ್ನು ಸನ್ಯಾಸಿನಿಯರು ಆರಂಭಿಸಿದ್ದು 1970ರಲ್ಲಿ. ಆಮೇಲೆ ಉಡುಪಿಯ ಆಶಾ ನಿಲಯ, ಶಕ್ತಿನಗರದ ಸಾನಿಧ್ಯದಂಥ ಶಾಲೆಗಳೂ ಬಂದವು. ಆ ಕಾಲಕ್ಕೆ ಇಂಥ ಮಗುವನ್ನು ಮನೆಯಿಂದ ಹೊರಗೆ ತರುವುದೇ ದೊಡ್ಡ ಸಂಗತಿ. ಶಾಲೆ ಸೇರಿಸಿಕೊಂಡರೆ ಸಾಕು ಅಂತ ಅಪ್ಪ ಅಮ್ಮ ಕೈ ಮುಗಿಯುತ್ತಿದ್ದರು. ಕೈ ಮುಗಿದವರು ಪ್ರಶ್ನೆ ಕೇಳುವುದಿಲ್ಲ. ಪೇರೆಂಟ್ಸ್ ಮೀಟಿಂಗ್ ಅಂದರೆ ವಾರ್ಷಿಕೋತ್ಸವಕ್ಕೆ ಡ್ರೆಸ್ ಹೊಲಿಸುವುದು, ಕ್ರಿಸ್‌ಮಸ್, ದೀಪಾವಳಿಗೆ ತಿಂಡಿ ತರುವುದು, ಇಷ್ಟೇ. ದಾನಿಗಳು ಹುಟ್ಟುಹಬ್ಬಕ್ಕೆ ಊಟ ಹಾಕಿಸಿ, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಈಗಲೂ ಹೋಗುತ್ತಾರೆ. ನನ್ನನ್ನು ಕೇಳಿದರೆ ಆ ದುಡ್ಡನ್ನು ವ್ಯಾನಿನ ಡೀಸೆಲಿಗೆ ಕೊಡುವುದು ಎಷ್ಟೋ ಮೇಲು. ಆದರೆ ಡೀಸೆಲ್ ಜೊತೆ ಫೋಟೊ ಚೆನ್ನಾಗಿ ಬರುವುದಿಲ್ಲ, ಅಲ್ವಾ?

ಪೋಷಕರು ತಮ್ಮಷ್ಟಕ್ಕೆ ತಾವು ಸಂಘಟಿತರಾಗುವ ಯೋಚನೆ ಬಂದದ್ದು ಹೊರಗಿನಿಂದ. ಶ್ರವಣದೋಷವಿರುವ ಮಕ್ಕಳಿಗಾಗಿ ಮೈಸೂರಿನಲ್ಲಿ ಪೋಷಕರೇ ಒಂದು ಕೇಂದ್ರ ಕಟ್ಟಿದ್ದರು. ಅಲ್ಲಿ ತಾಯಿಯೂ ಮಗುವಿನ ಜೊತೆ ಕೂತು ಕಲಿತು, ಕಲಿಸುತ್ತಾಳೆ. ಬುದ್ಧಿಮಾಂದ್ಯ ಮಕ್ಕಳಿಗಾಗಿ ಸಿಕಂದರಾಬಾದಿನಲ್ಲಿ 1984ರಲ್ಲಿ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. 90ರ ದಶಕದಲ್ಲಿ ಆ ಸಂಸ್ಥೆ ದೇಶದ ಪೋಷಕರನ್ನು ಒಂದೆಡೆ ಕೂರಿಸಿತು. 1995ರಲ್ಲಿ ‘ಪರಿವಾರ್’ ಎಂಬ ರಾಷ್ಟ್ರೀಯ ಪೋಷಕರ ಒಕ್ಕೂಟ ಹುಟ್ಟಿತು. ಅದೇ ವರ್ಷ ಅಂಗವಿಕಲರ ಕಾಯ್ದೆ ಬಂತು, 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡಬೇಕು ಎಂದಿತು. ಅಲ್ಲಿಯವರೆಗೆ ಧರ್ಮಕ್ಕೆ ಸಿಗುತ್ತಿದ್ದುದು ಕಾಗದದ ಮೇಲಾದರೂ ಹಕ್ಕಾಯಿತು.

ಆದರೆ ನಮ್ಮ ಕಡೆ ಸಂಘಗಳಿಗೆ ಜೀವ ಬಂದದ್ದು ಕಾಯ್ದೆ ಓದಿ ಅಲ್ಲ, ಬಸ್ಸಿನಿಂದ. ಕೆಎಸ್‌ಆರ್‌ಟಿಸಿಯಲ್ಲಿ ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ. ರಾಜ್ಯದ ಬೇರೆ ಜಿಲ್ಲೆಗಳಲ್ಲಿ ಅದು ದೊಡ್ಡ ಉಪಕಾರ. ನಮ್ಮಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಸಿಟಿಯಲ್ಲೂ ಅದೇ, ಸರ್ವಿಸ್‌ನಲ್ಲೂ ಅದೇ. ಸರ್ಕಾರಿ ಬಸ್ಸೇ ಬಾರದ ರೂಟಿನಲ್ಲಿ ಪಾಸ್ ಇಟ್ಟುಕೊಂಡು ಏನು ಮಾಡುವುದು? ಜೊತೆಗೆ ಸಿಟಿ ಬಸ್ಸಿನ ಆ ಅವಸರ. ಎತ್ತರದ ಮೆಟ್ಟಿಲು, ವಿಸಿಲ್ ಹಾಕುವ ಕಂಡಕ್ಟರ್, ಗಲಾಟೆಗೆ ಕಿವಿ ಮುಚ್ಚಿ ಕಿರುಚುವ ಮಗು, ತಿರುಗಿ ನೋಡುವ ಜನ. ಶಾಲೆ ಬಿಡಿಸಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಪಾಠ ಕಷ್ಟ ಅಂತ ಬಿಟ್ಟವರಲ್ಲ, ದಾರಿ ಕಷ್ಟ ಅಂತ ಬಿಟ್ಟವರು. ಹಾಗಾಗಿ ನಾನು ಕಂಡ ಮಟ್ಟಿಗೆ ಸಂಘದ ಮೀಟಿಂಗುಗಳಲ್ಲಿ ಮೊದಲ ಜಗಳವೂ ಮೊದಲ ಗೆಲುವೂ ವ್ಯಾನಿನದ್ದೇ. ವ್ಯಾನ್ ಎಲ್ಲಿವರೆಗೆ ಬರಬೇಕು, ಆಯಾ ಸಂಬಳ ಯಾರು ಕೊಡಬೇಕು, ಮಳೆಗಾಲದಲ್ಲಿ ಡಿಸಿ ಬೆಳಿಗ್ಗೆ ರಜೆ ಕೊಟ್ಟರೆ ಡ್ರೈವರಿಗೆ ಯಾರು ಹೇಳಬೇಕು, ಇದನ್ನೆಲ್ಲ ಕೂತು ತೀರ್ಮಾನ ಮಾಡಿದವರು ಪೋಷಕರು.

ಅದರಲ್ಲೂ ತಾಯಂದಿರು. ಈ ಭಾಗದ ಅಪ್ಪಂದಿರಲ್ಲಿ ಬಹಳ ಮಂದಿ ದುಬೈ, ಮಸ್ಕತ್, ಮುಂಬೈಯಲ್ಲಿ ದುಡಿಯುತ್ತಾರೆ. ಊರಲ್ಲೇ ಇರುವವರಿಗೆ ರಜೆ ಸಿಗುವುದಿಲ್ಲ. ಅಮ್ಮಂದಿರಿಗೆ ಪುರುಸೊತ್ತು ಇದೆ ಅಂತಲ್ಲ. ಬೀಡಿ ಕಟ್ಟುವವರಿಗೆ ಬ್ರಾಂಚಿಗೆ ಬೀಡಿ ಕೊಡುವ ಹೊತ್ತು ತಪ್ಪುವ ಹಾಗಿಲ್ಲ. ಅದನ್ನು ನೋಡಿಕೊಂಡು ಮೀಟಿಂಗ್ ಟೈಮ್ ಇಡಬೇಕು. ಸಭೆಯಲ್ಲಿ ಮಾತು ತುಳುವಿನಲ್ಲಿ ಶುರುವಾಗಿ ಕೊಂಕಣಿ, ಬ್ಯಾರಿಗೆ ಹೊರಳುತ್ತದೆ. ಮಿನಿಟ್ಸ್ ಮಾತ್ರ ಕನ್ನಡದಲ್ಲಿ.

ದಕ್ಷಿಣ ಕನ್ನಡ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಕಥೆ ಬೇರೆಯೇ ಇತ್ತು. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಪುಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಗಿತ್ತು. ಮಕ್ಕಳ ಅಂಗವೈಕಲ್ಯಕ್ಕೆ ಅದೇ ಕಾರಣ ಎಂಬುದು ಊರವರ ದೂರು. ಅಲ್ಲಿ ಅಪ್ಪ ಅಮ್ಮ ಕೇಳಿದ್ದು ವಾರ್ಷಿಕೋತ್ಸವವನ್ನಲ್ಲ, ಪರಿಹಾರವನ್ನು, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಜಾಗವನ್ನು. ಬೀದಿಗಿಳಿದು, ಕೋರ್ಟಿನವರೆಗೆ ಹೋಗಿ ಮಾಸಾಶನ ಬಂತು. ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳಾದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಆ ವಿಷವನ್ನು ನಿಲ್ಲಿಸಿತು. ಸಹಾಯ ಬೇರೆ, ಹಕ್ಕು ಬೇರೆ ಅನ್ನುವುದನ್ನು ಕರಾವಳಿಯ ಪೋಷಕರು ಕಾನೂನು ಪುಸ್ತಕಕ್ಕಿಂತ ಜಾಸ್ತಿ ಈ ಹೋರಾಟದಿಂದ ಕಲಿತರು ಅನ್ನುವುದು ನನ್ನ ಲೆಕ್ಕ.

ಈಚೆಗೆ ಸಂಘದ ಕೆಲಸದಲ್ಲಿ ಅನುದಾನದ ವಿಷಯ ಸೇರಿಕೊಂಡಿದೆ. ರಾಜ್ಯ ಸರ್ಕಾರ ಹಲವು ವಿಶೇಷ ಶಾಲೆಗಳಿಗೆ ಶಿಶು ಕೇಂದ್ರಿತ ಅನುದಾನ ಕೊಡುತ್ತದೆ. ಅಂದರೆ ಮಕ್ಕಳ ತಲೆ ಎಣಿಸಿ ದುಡ್ಡು. ಕಂತು ತಡವಾದರೆ ಟೀಚರುಗಳ ಗೌರವಧನ ನಿಲ್ಲುತ್ತದೆ. ತರಬೇತಿ ಪಡೆದ ಟೀಚರ್ ಬೇರೆ ಕೆಲಸ ಹುಡುಕಿ ಹೊರಟರೆ ಮೊದಲ ಏಟು ಮಗುವಿಗೆ. ಹೊಸ ಮುಖ ಒಗ್ಗಲು ಕೆಲವು ಮಕ್ಕಳಿಗೆ ತಿಂಗಳುಗಳೇ ಬೇಕು. ಮಾಮೂಲಿ ಶಾಲೆಯಲ್ಲಿ ಪೋಷಕರು ಟೀಚರ್ ಮೇಲೆ ದೂರು ಹೇಳುತ್ತಾರೆ. ಇಲ್ಲಿ ಟೀಚರಿಗೆ ಸಂಬಳ ಕೊಡಿ ಅಂತ ಮನವಿ ಬರೆಯುತ್ತಾರೆ.

2020ರ ಕೊರೊನಾ ಇನ್ನೊಂದು ತಿರುವು. ಶಾಲೆ ಮುಚ್ಚಿತು, ತೆರಪಿ ನಿಂತಿತು. ಶೌಚಕ್ಕೆ ಹೋಗುವುದು, ತಾನೇ ಊಟ ಮಾಡುವುದು, ಹೀಗೆ ವರ್ಷಗಟ್ಟಲೆ ಕಲಿಸಿದ್ದು ಕಣ್ಣೆದುರೇ ಮಾಸತೊಡಗಿತು. ವಾಟ್ಸಾಪ್ ಗ್ರೂಪಿನಲ್ಲಿ ಟೀಚರ್ ವಿಡಿಯೊ ಹಾಕುತ್ತಿದ್ದರು, ಅಮ್ಮಂದಿರು ಮನೆಯಲ್ಲಿ ಮಾಡಿಸುತ್ತಿದ್ದರು. ನೋಟಿಸ್ ಹಾಕಲೆಂದೇ ಇದ್ದ ಗ್ರೂಪುಗಳಲ್ಲಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಯಾವ ದಾಖಲೆ ಬೇಕು, ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿಗೆ ಯಾವ ದಿನ ಹೋಗಬೇಕು ಎನ್ನುವುದೆಲ್ಲ ಹರಿದಾಡತೊಡಗಿತು. ಕಚೇರಿಯಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

ಮತ್ತೆ ಮತ್ತೆ ಒಬ್ಬರೇ ಅಧ್ಯಕ್ಷರಾಗುವುದಕ್ಕೂ ಕಾರಣ ಇದೆ. ಮಾಮೂಲಿ ಶಾಲೆಯಲ್ಲಿ ಮಗು ಏಳನೆಯದೋ ಹತ್ತನೆಯದೋ ಪಾಸಾದರೆ ಪೋಷಕರೂ ಹೊರಗೆ. ವಿಶೇಷ ಶಾಲೆಯಲ್ಲಿ ಆರರ ಮಗು ಇಪ್ಪತ್ತು ದಾಟಿ, ಪೇಪರ್ ಕವರ್, ಫಿನಾಯಿಲ್ ಮಾಡುವ ವೃತ್ತಿ ವಿಭಾಗದಲ್ಲಿ ಕೂತಿರುತ್ತದೆ. ಅಮ್ಮ ಅಲ್ಲೇ ಇರುತ್ತಾರೆ. ಯಾವ ಆಫೀಸರ್ ಕೆಲಸ ಮಾಡಿಕೊಡುತ್ತಾರೆ, ಯಾವ ದಾನಿ ಮಾತು ಕೊಟ್ಟು ಮರೆಯುತ್ತಾರೆ, ಎಲ್ಲ ಅವರಿಗೆ ಗೊತ್ತು. ಅದು ಸಂಘದ ಬಲ. ಎರಡನೆಯ ಸಾಲಿನವರು ತಯಾರಾಗುವುದಿಲ್ಲ, ಅದು ದೌರ್ಬಲ್ಯ.

ಮಗುವಿಗೆ 18 ತುಂಬಿದಾಗ ಇನ್ನೊಂದು ಬಾಗಿಲು ತೆರೆಯುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು (ಲೀಗಲ್ ಗಾರ್ಡಿಯನ್) ನೇಮಿಸಬಹುದು. ಅದನ್ನು ಮಾಡುವುದು ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ. ಸಮಿತಿಯಲ್ಲಿ ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿಗೆ ಜಾಗ ಇದೆ. ನ್ಯಾಸದಲ್ಲಿ ಪೋಷಕರ ಸಂಘವೂ ನೋಂದಾಯಿಸಿಕೊಳ್ಳಬಹುದು. ಆದರೆ ಶಾಲೆಯೊಳಗಿನ ರಕ್ಷಕ-ಶಿಕ್ಷಕ ಸಂಘ ಅಂಥ ನೋಂದಾಯಿತ ಸಂಸ್ಥೆಯಲ್ಲ. ಆ ಕುರ್ಚಿ ಬೇಕಿದ್ದರೆ ಶಾಲೆಯ ನೆರಳು ಬಿಟ್ಟು ಬೇರೆಯೇ ಸಂಘ ಕಟ್ಟಬೇಕು. ಮಗುವನ್ನು ಅದೇ ಶಾಲೆಗೆ ಕಳಿಸುತ್ತಾ ಹಾಗೆ ಮಾಡಲು ಕೆಲವರಿಗೆ ಸಂಕೋಚ.

ಈಗ ಹೊಸ ತಲೆಮಾರಿನ ಪೋಷಕರು ಬಂದಿದ್ದಾರೆ. ಎರಡು-ಮೂರು ವರ್ಷಕ್ಕೇ ಆಟಿಸಂ ಅಂತ ಗೊತ್ತಾದ ಮಕ್ಕಳು ಅವರವು. ಅವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಓದಿದ್ದಾರೆ. ಹತ್ತಿರದ ಮಾಮೂಲಿ ಶಾಲೆಯಲ್ಲೇ ಸೀಟು ಬೇಕು, ಅಲ್ಲೇ ವಿಶೇಷ ಶಿಕ್ಷಕರು ಬೇಕು ಅನ್ನುತ್ತಾರೆ. ಅಂಥ ಹುದ್ದೆಗಳನ್ನು ಸೃಷ್ಟಿಸಿ ಅಂತ ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಿದೆ. ಹಳಬರಿಗೆ ಈ ಮಾತು ಸುಮ್ನೆ ಕನಸಿನ ಹಾಗೆ ಕೇಳುತ್ತದೆ. ಅವರ ವಯಸ್ಸು ಅರವತ್ತು ದಾಟಿದೆ, ತಮ್ಮ ನಂತರ ಮಗನನ್ನು ನೋಡಿಕೊಳ್ಳುವ ವಸತಿ ಕೇಂದ್ರ ಬೇಕು. ಇಬ್ಬರದೂ ನ್ಯಾಯವೇ. ಆದರೆ ಒಬ್ಬರ ಅರ್ಜಿ ಹೋಗಬೇಕಾದದ್ದು ಬಿಇಒ ಕಚೇರಿಗೆ, ಇನ್ನೊಬ್ಬರದ್ದು ಅಂಗವಿಕಲ ಕಲ್ಯಾಣಾಧಿಕಾರಿಗೆ. ಎರಡನ್ನೂ ಬರೆದು, ಎರಡು ಕಡೆಗೂ ಹೊತ್ತುಕೊಂಡು ಹೋಗುವವರು ಮಾತ್ರ ಸದ್ಯಕ್ಕೆ ಅದೇ ಇಬ್ಬರು-ಮೂವರು ಅಮ್ಮಂದಿರು.