ನಿಮ್ಮೂರಿನ ಬಸ್ ನಿಲ್ಲಿಸಿದ್ದು ಯಾರು?

ಊರಿಗೆ ಬರುತ್ತಿದ್ದ ಬಸ್ ಒಂದು ದಿನ ಬರುವುದಿಲ್ಲ. ಮರುದಿನ ಬರುತ್ತದೆ. ಮುಂದಿನ ವಾರ ಎರಡು ದಿನ ಬರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗಿನ ಟ್ರಿಪ್ ಒಂದೇ ಉಳಿದಿರುತ್ತದೆ. ಯುಗಾದಿ ಹೊತ್ತಿಗೆ ಅದೂ ಇಲ್ಲ. ಊರಿನ ನಾಲ್ಕು ಜನ ಡಿಪೋಗೆ ಹೋಗಿ ಕೇಳಿದರೆ, 'ಆ ಬಸ್ ನಾವು ನಿಲ್ಲಿಸಿಯೇ ಇಲ್ಲವಲ್ಲ' ಎಂಬ ಉತ್ತರ ಸಿಗುತ್ತದೆ. ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಾಗದದ ಮೇಲೆ ಆ ಬಸ್ ಇನ್ನೂ ಓಡುತ್ತಲೇ ಇರುತ್ತದೆ.

ನಾನು ಸಾರಿಗೆ ನಿಗಮವೊಂದರ ಸಂಚಾರ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆಗ ಹಳ್ಳಿಯವರ ಅರ್ಜಿ ತೆಗೆದುಕೊಳ್ಳುತ್ತಿದ್ದೆ. ಈಗ ಅವರಿಗೆ ಅರ್ಜಿ ಬರೆದುಕೊಡುತ್ತೇನೆ. ಬಸ್ ಹೇಗೆ ಮಾಯವಾಗುತ್ತದೆ ಅನ್ನುವುದನ್ನು ಒಳಗಿನಿಂದ ನೋಡಿದ್ದೇನೆ. ಅದನ್ನು ಬಿಡಿಸಿ ಹೇಳಿದರೆ, ಕೇಳುವವರಿಗೆ ಎಲ್ಲಿ ಹಿಡಿದು ಕೇಳಬೇಕು ಎಂಬುದು ಗೊತ್ತಾಗಬಹುದು.

ಪ್ರತಿ ಬಸ್ಸಿಗೂ ಒಂದು ಶೆಡ್ಯೂಲ್ ಇರುತ್ತದೆ. ಎಷ್ಟು ಗಂಟೆಗೆ ಹೊರಡಬೇಕು, ಯಾವ ಊರಿಗೆ ಹೋಗಬೇಕು, ಎಲ್ಲಿ ತಿರುಗಬೇಕು, ದಿನಕ್ಕೆ ಒಟ್ಟು ಎಷ್ಟು ಕಿಲೋಮೀಟರ್ ಎಲ್ಲವೂ ಒಂದೇ ಹಾಳೆಯಲ್ಲಿ ಇರುತ್ತದೆ. ಡಿಪೋದವರು ಅದನ್ನು ಫಾರಂ-4 ಎನ್ನುತ್ತಾರೆ. ಒಂದು ಶೆಡ್ಯೂಲನ್ನು ಪೂರ್ತಿ ರದ್ದು ಮಾಡಬೇಕಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಡತ ಓಡಾಡಬೇಕು. ಆದರೆ ಒಂದು ದಿನದ ಮಟ್ಟಿಗೆ ಒಂದು ಟ್ರಿಪ್ ಬಿಡುವುದಕ್ಕೆ ಅಷ್ಟೆಲ್ಲ ಬೇಕಿಲ್ಲ. ಆ ತೀರ್ಮಾನ ಬೆಳಿಗ್ಗೆ ಐದು ಗಂಟೆಗೆ ಡಿಪೋದ ಗೇಟಿನ ಹತ್ತಿರ ನಿಂತುಕೊಂಡೇ ಆಗಿಬಿಡುತ್ತದೆ.

ಇಬ್ಬರು ಚಾಲಕರು ಬಂದಿಲ್ಲ, ಒಂದು ಬಸ್ ರಿಪೇರಿಯಲ್ಲಿದೆ ಅಂದುಕೊಳ್ಳಿ. ಬೆಂಗಳೂರಿಗೆ ಹೋಗುವ ಬಸ್ ನಿಲ್ಲಿಸುವ ಹಾಗಿಲ್ಲ. ಅದರಲ್ಲಿ ಜನ ಮುಂಗಡ ಸೀಟು ಕಾದಿರಿಸಿದ್ದಾರೆ, ಆದಾಯವೂ ಜಾಸ್ತಿ. ಆಗ ಕೈ ಹೋಗುವುದು ಹಳ್ಳಿ ಶೆಡ್ಯೂಲಿನ ಮೇಲೆ. ಅಲ್ಲಿಯ ಚಾಲಕನನ್ನು ಇಲ್ಲಿಗೆ ಹಾಕುತ್ತಾರೆ. ಜಾತ್ರೆಗೆ ವಿಶೇಷ ಬಸ್ ಬೇಕು, ಮದುವೆಗೆ ಬಾಡಿಗೆ ಬಸ್ ಬೇಕು, ದೊಡ್ಡ ಸಮಾವೇಶಕ್ಕೆ ನೂರಾರು ಬಸ್ ಬೇಕು ಎಂದಾಗಲೂ ಹೀಗೇ. ಹಳ್ಳಿಯಿಂದ ಫೋನ್ ಬರುವುದಿಲ್ಲ, ಬಂದರೂ ಒಂದೆರಡು, ಅಷ್ಟೇ. ನಾನೂ ಇಂಥ ಟ್ರಿಪ್‌ಗಳನ್ನು ಬಿಡಿಸಿದ್ದೇನೆ. ಆ ಹೊತ್ತಿಗೆ ಬೇರೆ ದಾರಿ ಕಾಣಲಿಲ್ಲ. ಆದರೆ ಅದೇ ಹಳ್ಳಿಯ ಟ್ರಿಪ್ ತಿಂಗಳಿಗೆ ಎಷ್ಟು ಸಲ ಬಿಟ್ಟುಹೋಯಿತು ಎಂದು ಕೂತು ಎಣಿಸಿದವನಲ್ಲ. ಎಣಿಸು ಎಂದು ನನಗೆ ಯಾರೂ ಹೇಳಲೂ ಇಲ್ಲ.

ನಿಗಮದಲ್ಲಿ ಎಣಿಸುವುದು ಕಿಲೋಮೀಟರ್. ಈ ತಿಂಗಳು ಇಷ್ಟು ಕಿಲೋಮೀಟರ್ ಓಡಬೇಕಿತ್ತು, ಇಷ್ಟು ರದ್ದಾಯಿತು ಎಂಬ ಲೆಕ್ಕ ಮೇಲಕ್ಕೆ ಹೋಗುತ್ತದೆ. ಬಸ್ ಮುಖ್ಯರಸ್ತೆಯಲ್ಲಿ 60 ಕಿಲೋಮೀಟರ್ ಓಡಿ, ಕೊನೆಯ 3 ಕಿಲೋಮೀಟರ್ ಒಳಗೆ ಹೋಗದೆ ಕ್ರಾಸಿನಲ್ಲೇ ತಿರುಗಿತು ಅನ್ನಿ. ರದ್ದಾದ ಲೆಕ್ಕ ಹೋಗಿ ಬರುವ 6 ಕಿಲೋಮೀಟರ್. ಡಿಪೋದ ತಿಂಗಳ ಪಟ್ಟಿಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಆ 3 ಕಿಲೋಮೀಟರಿನ ತುದಿಯಲ್ಲಿ ಇರುವವರಿಗೆ ಮಾತ್ರ ಬಸ್ಸೇ ಇಲ್ಲ.

ಇನ್ನೊಂದು ಲೆಕ್ಕ ಇಪಿಕೆಎಂ. ಅಂದರೆ ಪ್ರತಿ ಕಿಲೋಮೀಟರಿಗೆ ಬಂದ ಆದಾಯ. ಇದು ಕಡಿಮೆಯಾದ ಶೆಡ್ಯೂಲಿನ ಮೇಲೆ ಯಾವಾಗಲೂ ಕತ್ತಿ ತೂಗುತ್ತಿರುತ್ತದೆ. ಇದರಲ್ಲಿ ಹಳ್ಳಿಗಳಿಗೆ ಎರಡು ರೀತಿಯ ಅನ್ಯಾಯ ಆಗುತ್ತದೆ. ಬೆಳಗಿನ ಬಸ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳೇ ಇರುತ್ತಾರೆ, ಅನೇಕರ ಕೈಯಲ್ಲಿ ಪಾಸ್. ಪಾಸಿಗೆ ಪ್ರತಿ ದಿನ ಟಿಕೆಟ್ ಹರಿಯುವುದಿಲ್ಲ. ಬಾಗಿಲಲ್ಲಿ ಜೋತುಬಿದ್ದು ಹೋಗುವಷ್ಟು ಜನ ಇದ್ದರೂ ಟಿಕೆಟ್ ಲೆಕ್ಕದಲ್ಲಿ ಬಸ್ ಖಾಲಿ ಕಾಣುತ್ತದೆ. ಎರಡನೆಯದು ಬಸ್ಸನ್ನು ನಂಬಲಾಗದ ಸ್ಥಿತಿ. ವಾರಕ್ಕೆ ಎರಡು ದಿನ ಬರದ ಬಸ್ಸಿಗೆ ಯಾರೂ ಕಾಯುವುದಿಲ್ಲ, ಆಟೋ ಹತ್ತುತ್ತಾರೆ. ಆಗ ಬಸ್ ಬಂದ ದಿನವೂ ಆದಾಯ ಇಳಿಯುತ್ತದೆ. 'ನೋಡಿ, ಜನವೇ ಇಲ್ಲ' ಎಂದು ಬರೆದು ಶೆಡ್ಯೂಲ್ ಮುಚ್ಚುವುದು ಆಮೇಲೆ ಸುಲಭ.

ಕಾನೂನು ಏನು ಹೇಳುತ್ತದೆ ಎಂದು ಜನ ಕೇಳುತ್ತಾರೆ. ನಮ್ಮ ನಾಲ್ಕೂ ನಿಗಮಗಳು ನಡೆಯುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕೆಳಗೆ. ಅದರ 18ನೇ ಕಲಂ ಓದಿದರೆ ಸಂತೋಷವಾಗುತ್ತದೆ. ಸಾಕಷ್ಟು, ದಕ್ಷ, ಮಿತವ್ಯಯದ, ಒಂದಕ್ಕೊಂದು ಹೊಂದಿಕೊಂಡ ಬಸ್ ಸೇವೆ ಕೊಡುವುದು ನಿಗಮದ ಕರ್ತವ್ಯ ಎಂದು ಅದರಲ್ಲಿದೆ. ಆದರೆ ಅದೇ ಕಲಮಿನ ಕೊನೆಗೆ ಒಂದು ಮಾತು ಸೇರಿಸಿದ್ದಾರೆ. ಈ ಕರ್ತವ್ಯ ಮಾಡಿಲ್ಲ ಎಂದು ಈ ಕಲಮನ್ನೇ ಹಿಡಿದು ಕೋರ್ಟಿನಲ್ಲಿ ಹೊಣೆ ಹೊರಿಸುವ ಹಾಗಿಲ್ಲ. 22ನೇ ಕಲಂ ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. 34ನೇ ಕಲಂ, ಸರ್ಕಾರ ನಿಗಮಕ್ಕೆ ಸಾಮಾನ್ಯ ಸೂಚನೆ ಕೊಡಬಹುದು ಎನ್ನುತ್ತದೆ. ಸೇವೆ ಕೊಡು, ನಷ್ಟ ಮಾಡಿಕೊಳ್ಳಬೇಡ, ಸರ್ಕಾರ ಹೇಳಿದ್ದನ್ನು ಕೇಳು, ಈ ಮೂರೂ ಒಟ್ಟಿಗೆ. ಮೂರಕ್ಕೂ ಹೊಂದಿಕೆಯಾಗದ ದಿನ ಬಿಟ್ಟುಹೋಗುವುದು ಮೊದಲನೆಯದು. ಅದನ್ನು ಕೇಳುವವರು ಕಡಿಮೆ ಅಲ್ವಾ?

ಹೀಗಾಗಿ ಹಳ್ಳಿ ಬಸ್ಸಿನ ಖರ್ಚು ಯಾರದು ಅನ್ನುವ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಡಬೇಕು. ಡಿಪೋದ ಮ್ಯಾನೇಜರ್ ಕೊಡಲಾರರು. ಅವರ ಕೈಯಲ್ಲಿ ಹೊಸ ಬಸ್ಸೂ ಇಲ್ಲ, ನೇಮಕಾತಿಯೂ ಇಲ್ಲ. ಅವರ ಮೇಲೆ ಕೂಗಾಡಿ ಬಂದ ಊರುಗಳನ್ನು ತುಂಬ ನೋಡಿದ್ದೇನೆ. ಎರಡು ದಿನ ಬಸ್ ಬರುತ್ತದೆ, ಬೇರೆ ಯಾವುದೋ ಹಳ್ಳಿಯ ಟ್ರಿಪ್ ಕಿತ್ತು ಕಳಿಸಿರುತ್ತಾರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಪ್ರಯಾಣ ಉಚಿತವಾಯಿತು. ನನ್ನ ಮಟ್ಟಿಗೆ ಇದರಲ್ಲಿ ಹೆಚ್ಚು ಮಾತಾಡದ ಒಂದು ಒಳ್ಳೆಯದು ಇದೆ. ಹತ್ತಿದ ಪ್ರತಿ ಹೆಣ್ಣುಮಗಳಿಗೂ ಶೂನ್ಯ ಟಿಕೆಟ್ ಕೊಡಬೇಕು, ಆ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕಟ್ಟಿಕೊಡಬೇಕು. ಯಾವ ಸ್ಟೇಜಿನಲ್ಲಿ, ಅಂದರೆ ಟಿಕೆಟ್ ದರ ಬದಲಾಗುವ ನಿಲ್ದಾಣದಲ್ಲಿ, ಎಷ್ಟು ಜನ ಹತ್ತಿದರು ಎಂಬುದು ಟಿಕೆಟ್ ಯಂತ್ರದಲ್ಲಿ ಉಳಿಯುತ್ತದೆ. ನಿಮ್ಮೂರಿಗೆ ಬಸ್ ಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಅದಕ್ಕೇ ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ದುಡ್ಡಿಲ್ಲದ ಚೀಟಿ ಎಂದು ಬಿಡಬೇಡಿ, ಟಿಕೆಟ್ ಕೇಳಿ ತೆಗೆದುಕೊಳ್ಳಿ. ಬಸ್ಸೇ ಬಾರದ ಊರಿನ ಹೆಣ್ಣುಮಕ್ಕಳಿಗೆ ಈ ಯೋಜನೆ ಕೂಡ ಬಂದಿಲ್ಲ ಅನ್ನುವುದನ್ನು ಶಾಸಕರ ಮುಂದೆ ಇದೇ ಮಾತಿನಲ್ಲಿ ಹೇಳಬೇಕು.

ಅರ್ಜಿ ಯಾರಿಗೆ ಕೊಡಬೇಕು ಅನ್ನುವಲ್ಲೇ ಮೊದಲ ತಪ್ಪಾಗುತ್ತದೆ. ಹಳ್ಳಿಯವರಿಗೆ 'ಡಿಸಿ' ಅಂದರೆ ಜಿಲ್ಲಾಧಿಕಾರಿ. ನಿಗಮದಲ್ಲಿ 'ಡಿಸಿ' ಅಂದರೆ ವಿಭಾಗೀಯ ನಿಯಂತ್ರಣಾಧಿಕಾರಿ. ನಿಗಮದ ಬಸ್ಸಿನ ಶೆಡ್ಯೂಲ್ ಇರುವುದು ಎರಡನೆಯವರ ಕೈಯಲ್ಲಿ. ಡಿಪೋದಲ್ಲಿ 'ಡಿಸಿ ಸಾಹೇಬರಿಗೆ ಕೊಡಿ' ಅಂದರೆ ಜನ ನೇರ ಜಿಲ್ಲಾಡಳಿತ ಭವನಕ್ಕೆ ಹೋಗುತ್ತಾರೆ. ಅಲ್ಲಿಂದ ಅದು 'ಅಗತ್ಯ ಕ್ರಮಕ್ಕಾಗಿ' ಎಂಬ ಮುದ್ರೆ ಹೊತ್ತು ವಾಪಸ್ ಬರುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಉಡುಪಿ, ದಕ್ಷಿಣ ಕನ್ನಡದ ಹಾಗೆ ಖಾಸಗಿ ಬಸ್ ಜಾಸ್ತಿ ಇರುವ ಕಡೆ ಮಾತು ಬೇರೆ. ಅಲ್ಲಿ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಪರ್ಮಿಟ್‌ನಲ್ಲಿ ಒಪ್ಪಿಕೊಂಡ ಟ್ರಿಪ್ ಓಡಿಸದಿದ್ದರೆ ಅದು ಷರತ್ತು ಮುರಿದ ಹಾಗೆ. ದೂರು ಅಲ್ಲಿಗೇ ಹೋಗಬೇಕು.

'ರಸ್ತೆ ಸರಿಯಿಲ್ಲ' ಅನ್ನುವುದು ನಾವು ತುಂಬ ಬಳಸುತ್ತಿದ್ದ ಉತ್ತರ. ಎಷ್ಟೋ ಸಲ ನಿಜವೂ ಹೌದು. ಆದರೆ ಆ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಯಾವ ಊರಿನಿಂದ ಯಾವ ಊರಿಗೆ, ಎಷ್ಟು ಉದ್ದ, ಎಲ್ಲಿ ಬಸ್ ತಿರುಗಿಸಲು ಜಾಗವಿಲ್ಲ ಎಂದು ಬರೆಸಿಕೊಳ್ಳಿ. ಆ ರಸ್ತೆ ಲೋಕೋಪಯೋಗಿ ಇಲಾಖೆಯದೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ಗ್ರಾಮ ಪಂಚಾಯಿತಿಯದೋ ಎಂದು ಆಮೇಲೆ ಕೇಳಬಹುದು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ಪ್ರತಿ ಅರ್ಜಿಗೆ ಲಗತ್ತಿಸಿ. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಶಾಸಕರು ಅದನ್ನು ಎತ್ತುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಆ ಸಭೆಯ ನಡಾವಳಿಗೆ ಉತ್ತರ ಬರೆಯಲೇಬೇಕಾಗುತ್ತದೆ. ಸುಮ್ನೆ ಕಾರು ತಡೆದು ಕೊಟ್ಟ ಮನವಿಗೆ ಆ ತೂಕ ಬರುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಜನ 'ಬಸ್ ಯಾಕೆ ಬರುತ್ತಿಲ್ಲ?' ಎಂದು ಕೇಳುತ್ತಾರೆ. ಹಾಗೆ ಕೇಳಬೇಡಿ. ಆ ಕಾಯ್ದೆಯಲ್ಲಿ ಸಿಗುವುದು ಇರುವ ದಾಖಲೆ, 'ಯಾಕೆ'ಗೆ ವಿವರಣೆ ಸಿಗುವುದಿಲ್ಲ. ಶೆಡ್ಯೂಲಿನ ಫಾರಂ-4ರ ಪ್ರತಿ, ಕಳೆದ ಮೂರು ತಿಂಗಳಲ್ಲಿ ರದ್ದಾದ ಟ್ರಿಪ್‌ಗಳ ದಿನವಾರು ಪಟ್ಟಿ, ಅದರಲ್ಲಿ ಬರೆದ ಕಾರಣ, ಇಷ್ಟು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಜಾತಿ ಪ್ರಮಾಣಪತ್ರ ತಡವಾದರೆ ಕೇಳುವುದಕ್ಕೆ ನಮಗೆ ಸಕಾಲ ಇದೆ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು. ಆದರೆ ತಡ ಮಾಡಿದ್ದು ಯಾರು ಎಂಬುದು ದಾಖಲಾಗುತ್ತದೆ. ಬಸ್ಸಿಗೆ ಇಂಥದ್ದೇನೂ ಇಲ್ಲ. ಬೆಳಗಿನ ಬಸ್ ಬಾರದೆ ಪರೀಕ್ಷೆ ತಪ್ಪಿದ ಹುಡುಗಿಗೆ ಯಾವ ಸಂಖ್ಯೆಯೂ ಸಿಗುವುದಿಲ್ಲ. ಹಳ್ಳಿಗೆ ದಿನಕ್ಕೆ ಇಷ್ಟು ಟ್ರಿಪ್ ಎಂದು ಸರ್ಕಾರ ಘೋಷಿಸಬೇಕು. ಬಿಟ್ಟ ಪ್ರತಿ ಟ್ರಿಪ್ಪನ್ನೂ ಊರಿನ ಹೆಸರಿನಲ್ಲೇ, ಕಾರಣದ ಜೊತೆ ತಿಂಗಳಿಗೊಮ್ಮೆ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ನಷ್ಟದ ಟ್ರಿಪ್ ಎಂದಾದರೆ ಆ ನಷ್ಟವನ್ನು ಸರ್ಕಾರ ಬಜೆಟ್‌ನಲ್ಲಿ ಹೆಸರಿಟ್ಟು ತುಂಬಿಕೊಡಬೇಕು. ಈ ಮೂರರಲ್ಲಿ ಹಣ ಬೇಕಾಗುವುದು ಕೊನೆಯದಕ್ಕೆ. ಮೊದಲೆರಡಕ್ಕೆ ಬೇಕಾದ ಲೆಕ್ಕ ಡಿಪೋದಲ್ಲಿ ಈಗಾಗಲೇ ಇದೆ.

ಅಲ್ಲಿಯವರೆಗೆ ನಾನು ಹೇಳಿಕೊಡುವುದು ಒಂದು ನೂರು ಪುಟದ ನೋಟ್ ಪುಸ್ತಕ. ನಮ್ಮ ಕಡೆಯ ಒಂದು ಊರಿನಲ್ಲಿ ಹೈಸ್ಕೂಲು ಓದುವ ಹುಡುಗಿಯರೇ ಅದನ್ನು ಬರೆದರು. ತಾರೀಖು, ಬಸ್ ಬರಬೇಕಾದ ಸಮಯ, ಬಂದ ಸಮಯ, ಬಾರದಿದ್ದರೆ ಅಡ್ಡಗೀಟು, ಕಾಯುತ್ತಿದ್ದವರು ಎಷ್ಟು ಜನ. ದಿನವೂ ಒಬ್ಬ ದೊಡ್ಡವರ ಸಹಿ, ಹಾಲಿನ ಡೇರಿಯವರದೋ ಅಂಗನವಾಡಿ ಟೀಚರದೋ. ಮೂರು ತಿಂಗಳ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಮಾಹಿತಿ ಹಕ್ಕಿನಲ್ಲಿ ಬಂದ ಪಟ್ಟಿಯ ಪಕ್ಕ ಇಟ್ಟೆವು. ಪುಸ್ತಕದಲ್ಲಿ ಅಡ್ಡಗೀಟು ಬಿದ್ದ ಎಷ್ಟೋ ದಿನ ಪಟ್ಟಿಯಲ್ಲಿ ಬಸ್ ಓಡಿತ್ತು. ಕ್ರಾಸಿನಲ್ಲಿ ತಿರುಗಿದ್ದನ್ನು ಪೂರ್ತಿ ಟ್ರಿಪ್ ಎಂದು ಬರೆದಿದ್ದರು. ಎರಡನ್ನೂ ಜೋಡಿಸಿ ವಿಭಾಗೀಯ ಕಚೇರಿಗೆ ಕೊಟ್ಟ ಮೇಲೆ ಬೆಳಗಿನ 7:40ರ ಬಸ್ ಊರೊಳಗೆ ಬರತೊಡಗಿತು. ಸಂಜೆಯದು ಇನ್ನೂ ಬಂದಿಲ್ಲ. ಹುಡುಗಿಯರು ಎರಡನೇ ಪುಸ್ತಕ ಶುರು ಮಾಡಿದ್ದಾರೆ. ಸಂಜೆ ಟ್ರಿಪ್ಪಿನ ಪಟ್ಟಿ ಕೊಡದ್ದಕ್ಕೆ ಕಳೆದ ವಾರ ಮೊದಲ ಮೇಲ್ಮನವಿ ಹಾಕಿದ್ದೇವೆ.