ಇಷ್ಟು ಓಡಿಸಿದರೂ ನಮ್ಮ ಬಾರ್ಡರ್ ಕೋಲಿ ಯಾಕೆ ಸುಮ್ಮನೆ ಕೂರಲ್ಲ?

ಬಾರ್ಡರ್ ಕೋಲಿ ಎಂಬ ಕುರಿ ಕಾಯುವ ತಳಿಯ ನಾಯಿ ಸಾಕಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಬೆಳಿಗ್ಗೆ ಉದ್ದದ ವಾಕಿಂಗ್, ಸಂಜೆ ಚೆಂಡಾಟ ಎಲ್ಲ ಆಗುತ್ತದೆ. ಆದರೂ ಮನೆಗೆ ಬಂದ ಮೇಲೆ ಫ್ಯಾನಿನ ನೆರಳನ್ನು ಅಟ್ಟಿಸಿಕೊಂಡು ಹೋಗುತ್ತದೆ, ಓಡಾಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಇನ್ನೂ ಜಾಸ್ತಿ ಓಡಿಸಬೇಕಾ?

ಬೇಡ. ಓಡಿಸಿದಷ್ಟೂ ಅದರ ದಮ್ಮು ಹೆಚ್ಚುತ್ತದೆ, ಮನಸ್ಸು ಮಾತ್ರ ಹಾಗೇ ಕುದಿಯುತ್ತಿರುತ್ತದೆ.

ಈ ತಳಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಾಡಿನದು. 1893ರಲ್ಲಿ ನಾರ್ಥಂಬರ್ಲೆಂಡ್‌ನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ನಾಯಿಯನ್ನು ಇದರ ಮೂಲಪುರುಷ ಅಂತಾರೆ. ಗದ್ದಲ ಮಾಡದೆ, ಮೈ ತಗ್ಗಿಸಿ, ನೆಟ್ಟ ಕಣ್ಣಲ್ಲೇ ಕುರಿಗಳನ್ನು ಸರಿಸುತ್ತಿದ್ದ ನಾಯಿ ಅದು. ನೋಡು, ಹೊಂಚು ಹಾಕು, ಅಟ್ಟು, ಕಚ್ಚು ಎಂಬ ಬೇಟೆಯ ಸರಣಿಯಲ್ಲಿ ಮೊದಲ ಮೂರನ್ನು ಉಳಿಸಿ, ಕೊನೆಯದನ್ನು ತಗ್ಗಿಸುತ್ತಾ ಕುರುಬರು ಈ ತಳಿಯನ್ನು ಬೆಳೆಸಿದರು. ಹಾಗಾಗಿ ಸರಿದಾಡುವುದೆಲ್ಲ ಇದಕ್ಕೆ ಕುರಿಯೇ: ಸ್ಕೂಟರ್, ಸೈಕಲ್, ಮಕ್ಕಳು, ನೆರಳು.

ಆದರೆ ಗುಡ್ಡದ ಮೇಲೆ ಓಟದಷ್ಟೇ ನಿಲ್ಲುವುದೂ ಕೆಲಸ, ಅಲ್ವಾ? ಒಂದು ಸೀಟಿ ಹೊಡೆದರೆ ನಾಯಿ ಓಡುತ್ತಿದ್ದಲ್ಲೇ ಮಲಗಬೇಕು, ಸಾಕು ಅಂದರೆ ಕುರಿ ಬಿಟ್ಟು ಕುರುಬನ ಬಳಿ ಬರಬೇಕು. ನಮ್ಮ ಚೆಂಡಾಟದಲ್ಲಿ ಇದ್ಯಾವುದೂ ಇಲ್ಲ, ಬರೀ ಅಟ್ಟು, ಅಟ್ಟು, ಅಟ್ಟು.

ಅದಕ್ಕೇ ಚೆಂಡು ಎಸೆಯುವುದನ್ನು ಕಡಿಮೆ ಮಾಡಿ. ನಾಯಿಯನ್ನು ಮಲಗಿಸಿ, ಚೆಂಡನ್ನು ಹುಲ್ಲಿನಲ್ಲೋ ಸೋಫಾ ಹಿಂದೆಯೋ ಬಚ್ಚಿಟ್ಟು, ಆಮೇಲೆ ಹುಡುಕಲು ಬಿಡಿ. ಆಟಿಕೆಗಳಿಗೆ ಹೆಸರು ಕಲಿಸಿ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿತಿತ್ತು, ನಿಮ್ಮದು ಹತ್ತು ಕಲಿತರೂ ಸಾಕು, ತಲೆಗೆ ಕೆಲಸ ಸಿಕ್ಕಿದ ದಿನ ಮನೆಯೊಳಗಿನ ಓಡಾಟ ತಗ್ಗುತ್ತದೆ.

ಇನ್ನು ಚಾಪೆಯ ಪಾಠ, ಅಂದರೆ ಚಾಪೆ ಮೇಲೆ ಸುಮ್ಮನೆ ಮಲಗುವುದನ್ನು ಕಲಿಸುವುದು. ಇದು ಎಲ್ಲಕ್ಕಿಂತ ಮುಖ್ಯ. ಚಾಪೆ ಮೇಲೆ ಕಾಲು ಮಡಚಿ, ಜಿಗಿಯಲು ಸಿದ್ಧವಾಗಿ ಮಲಗಿದ್ದರೆ ಏನೂ ಕೊಡಬೇಡಿ. ಸೊಂಟ ಒಂದು ಪಕ್ಕಕ್ಕೆ ವಾಲಿ, ಗದ್ದ ನೆಲಕ್ಕೆ ತಾಗಿದ ಕೂಡಲೇ ಸದ್ದಿಲ್ಲದೆ ಒಂದು ತುಣುಕು ತಿಂಡಿಯನ್ನು ಕಾಲ ಹತ್ತಿರ ಇಡಿ.

ಲೇಸರ್ ಲೈಟ್ ಆಟ ಬೇಡವೇ ಬೇಡ. ನೆರಳಿನ ಹುಚ್ಚಿಗೆ ಅದೇ ದಾರಿ. ಊಟ ತಿಂಡಿ ಬಿಟ್ಟು ನೆರಳನ್ನೇ ನೋಡುತ್ತಾ ನಿಲ್ಲುವ ನಾಯಿಯನ್ನು ಪಶುವೈದ್ಯರಿಗೆ ತೋರಿಸಲೇಬೇಕು.

ಬಿಸಿಲಿನ ವಿಷಯದಲ್ಲಂತೂ ಹುಷಾರು. ಸೆಖೆ ಅಂತ ಕೂದಲು ಬೋಳಿಸಬೇಡಿ, ದಿನ ಬಿಟ್ಟು ದಿನ ಬಾಚಿ. ಈ ತಳಿಯ ಕೆಲವು ನಾಯಿಗಳು ಐದು ಹತ್ತು ನಿಮಿಷ ಜೋರಾಗಿ ಓಡಿದರೂ ತೂರಾಡಿ, ಕಣ್ಣು ಮಂಕಾಗಿ ಕುಸಿಯುತ್ತವೆ, ಸೆಖೆಗಾಲದಲ್ಲಿ ಇದು ಜಾಸ್ತಿ. ಹಿಂಗಾಲು ಎಳೆಯುತ್ತಿದೆ ಅನಿಸಿದರೆ ಆಗಲೇ ಆಟ ನಿಲ್ಲಿಸಿ, ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, ಬೇಗ ಸುಧಾರಿಸಿಕೊಂಡರೂ ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.