ಸಾಮಾನ್ಯ ಸಿಪಾಯಿಯಾಗಿ ಸೇರಿದವರು ಬ್ರಿಟಿಷ್ ಸೈನ್ಯದಲ್ಲಿ ಫೀಲ್ಡ್ ಮಾರ್ಷಲ್ ಆಗಿದ್ದು ನಿಜವೇ?

ಓದುಗರ ಪ್ರಶ್ನೆ: ಬ್ರಿಟಿಷರ ಸೈನ್ಯದಲ್ಲಿ ಅಧಿಕಾರಿಗಳೆಲ್ಲ ಸಿರಿವಂತರ ಮಕ್ಕಳೇ ಅಂತ ಓದಿದ್ದೇನೆ. ಆದರೆ ಒಬ್ಬರು ಮನೆಗೆಲಸದ ಆಳಾಗಿದ್ದು, ಸಿಪಾಯಿಯಾಗಿ ಸೇರಿ, ಸೈನ್ಯದ ತುದಿಗೇ ಹೋದರಂತೆ. ನಿಜಾನಾ?

ನಿಜ. ಅವರ ಹೆಸರು ವಿಲಿಯಂ ರಾಬರ್ಟ್‌ಸನ್. ಆ ಸೈನ್ಯದಲ್ಲಿ ಕಟ್ಟಕಡೆಯ ಮೆಟ್ಟಿಲಿನಿಂದ ಫೀಲ್ಡ್ ಮಾರ್ಷಲ್ ಪದವಿಯವರೆಗೆ ಹತ್ತಿದವರು ಇವರೊಬ್ಬರೇ.

ಹುಟ್ಟಿದ್ದು 1860ರಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರ್‌ನ ವೆಲ್ಬರ್ನ್ ಎಂಬ ಹಳ್ಳಿಯಲ್ಲಿ. ಅಪ್ಪ ದರ್ಜಿ, ಜೊತೆಗೆ ಊರಿನ ಅಂಚೆ ಕೆಲಸ. ಹುಡುಗ ದೊಡ್ಡವರ ಮನೆಯಲ್ಲಿ ಆಳಾಗಿದ್ದು, 1877ರಲ್ಲಿ 16ನೇ ಲ್ಯಾನ್ಸರ್ಸ್ ಕುದುರೆಪಡೆಗೆ ಸೇರಿದ. ಆಗ ಸಿಪಾಯಿ ಕೆಲಸ ಅಂದರೆ ಕುಡುಕರ, ಗತಿಗೆಟ್ಟವರ ಪಾಡು ಅನ್ನೋ ಭಾವನೆ. 'ನಿನ್ನನ್ನು ಕೆಂಪು ಕೋಟಿನಲ್ಲಿ ನೋಡೋದಕ್ಕಿಂತ ಮಣ್ಣು ಮಾಡೋದೇ ವಾಸಿ' ಎಂಬರ್ಥದಲ್ಲಿ ತಾಯಿ ಕಾಗದ ಬರೆದರು.

1888ರಲ್ಲಿ ಅವರು ಅಧಿಕಾರಿಯಾದರು. ಹಾಗೆ ಮೇಲೆ ಬರುತ್ತಿದ್ದವರು ವರ್ಷಕ್ಕೆ ನಾಲ್ಕೈದು ಜನ ಮಾತ್ರ. ನಿಜವಾದ ಅಡ್ಡಿ ಶುರುವಾಗಿದ್ದೇ ಅಲ್ಲಿಂದ. ಕುದುರೆಪಡೆಯ ಕಿರಿಯ ಅಧಿಕಾರಿಗೆ ಸಂಬಳ ವರ್ಷಕ್ಕೆ ಸುಮಾರು 120 ಪೌಂಡ್. ಇಂಗ್ಲೆಂಡಿನಲ್ಲಿ ಆ ಅಂತಸ್ತಿಗೆ ತಕ್ಕ ಹಾಗೆ ಬದುಕಲು ಇನ್ನೂ 300 ಪೌಂಡ್ ಮನೆಯಿಂದ ಬರಬೇಕಿತ್ತು. ದರ್ಜಿಯ ಮಗ ಎಲ್ಲಿಂದ ತರಬೇಕು? ಅಪ್ಪ ಸಮವಸ್ತ್ರ ಹೊಲಿದುಕೊಟ್ಟರು. ಮೆಸ್ಸಿನಲ್ಲಿ ಉಳಿದವರು ಮದ್ಯ ಕುಡಿಯುವಾಗ ಇವರದು ನೀರು.

ಅವರನ್ನು ಉಳಿಸಿದ್ದು ಭಾರತ ಅಂತಲೇ ನನಗನ್ನಿಸುತ್ತದೆ. ಅಧಿಕಾರಿಯಾಗಿ ಅವರು ಸೇರಿದ 3ನೇ ಡ್ರಾಗೂನ್ ಗಾರ್ಡ್ಸ್ ಎಂಬ ಕುದುರೆಪಡೆ ಇಲ್ಲಿತ್ತು, ಇಲ್ಲಿ ಖರ್ಚು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಇಲ್ಲಿನ ಭಾಷೆಗಳ ಪರೀಕ್ಷೆ ಪಾಸು ಮಾಡಿದ ಅಧಿಕಾರಿಗೆ ಸರ್ಕಾರ ನಗದು ಕೊಡುತ್ತಿತ್ತು. ರಾಬರ್ಟ್‌ಸನ್ ಮುನ್ಷಿಗಳ ಹತ್ತಿರ ಕೂತು ಉರ್ದು, ಹಿಂದಿ, ಪಂಜಾಬಿ, ಪಶ್ತೋ, ಪರ್ಷಿಯನ್ ಕಲಿತರು. ದುಡ್ಡಿಗಾಗಿ ಶುರುವಾದ ಓದು ಅವರನ್ನು ಸಿಮ್ಲಾದ ಗುಪ್ತಚರ ವಿಭಾಗಕ್ಕೆ ಒಯ್ದಿತು. 1895ರಲ್ಲಿ ಚಿತ್ರಾಲ್‌ಗೆ (ಈಗಿನ ಪಾಕಿಸ್ತಾನದ ವಾಯವ್ಯ ಗಡಿ) ಹೋದ ದಂಡಯಾತ್ರೆಯಲ್ಲಿ ದಾರಿ ತೋರಿಸಲು ಬಂದವನೇ ಅವರ ಮೇಲೆ ಬಿದ್ದು ಗಾಯಗೊಳಿಸಿದ. ಬದುಕಿ ಬಂದು ಡಿಎಸ್ಒ ಎಂಬ, ಅಧಿಕಾರಿಗಳಿಗೆ ಕೊಡುವ ಸೇವಾ ಪದಕ ಪಡೆದರು. ಮುಂದೆ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ, ಅಧಿಕಾರಿಗಳಿಗೆ ಉನ್ನತ ತರಬೇತಿ ಕೊಡುವ ಸ್ಟಾಫ್ ಕಾಲೇಜು: ಸಿಪಾಯಿಯಾಗಿದ್ದವರು ಅಲ್ಲಿ ಓದಲು ಹೋಗಿದ್ದು ಅದೇ ಮೊದಲು. 1910ರಲ್ಲಿ ಅದೇ ಕಾಲೇಜಿನ ಮುಖ್ಯಸ್ಥರಾದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಫ್ರಾನ್ಸ್‌ಗೆ ಹೋದ ಬ್ರಿಟಿಷ್ ಪಡೆಗೆ ಊಟ, ಮದ್ದುಗುಂಡು, ಸಾಗಾಟದ ಹೊಣೆ ಅವರದು. ಹಿಂದೆ ಸರಿಯಬೇಕಾದೀತು ಅಂತ ಅವರು ಮೊದಲೇ ಲೆಕ್ಕ ಹಾಕಿದ್ದರು. ಬೆಲ್ಜಿಯಂನ ಮಾನ್ಸ್‌ನಿಂದ ಸೈನ್ಯ ಹಿಮ್ಮೆಟ್ಟಿದಾಗ, ದಾರಿಯುದ್ದಕ್ಕೂ ಅಡ್ಡರಸ್ತೆಗಳಲ್ಲಿ ಆಹಾರ ಇಳಿಸಿಟ್ಟಿದ್ದರಿಂದ ಸೈನಿಕರು ಉಪವಾಸ ಬೀಳಲಿಲ್ಲ. ಅವರ ಇಡೀ ವೃತ್ತಿಯಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು. 1915ರ ಡಿಸೆಂಬರ್‌ನಲ್ಲಿ ಇಂಪೀರಿಯಲ್ ಜನರಲ್ ಸ್ಟಾಫ್‌ನ ಮುಖ್ಯಸ್ಥರಾದರು, ಅಂದರೆ ಇಡೀ ಬ್ರಿಟಿಷ್ ಸೈನ್ಯದ ಅತಿ ಮೇಲಿನ ಹುದ್ದೆ. ಯುದ್ಧದ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವ ಅಧಿಕಾರ ತಮ್ಮೊಬ್ಬರಿಗೇ ಇರಬೇಕು ಅಂತ ಷರತ್ತು ಹಾಕಿಯೇ ಒಪ್ಪಿಕೊಂಡರು.

ಇಲ್ಲಿಂದ ಮುಂದೆ ಅವರನ್ನು ಸುಮ್ನೆ ಹೊಗಳಲು ಆಗುವುದಿಲ್ಲ. ದೊಡ್ಡ ಪಡೆಯನ್ನು ಯುದ್ಧದಲ್ಲಿ ತಾವೇ ನಡೆಸಿದವರಲ್ಲ. ಜರ್ಮನಿಯನ್ನು ಪಶ್ಚಿಮ ರಂಗದಲ್ಲೇ, ಅಂದರೆ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲೇ, ಸೋಲಿಸಬೇಕು ಎಂಬ ಹಟ ಅವರದು. 1917ರ ಪ್ಯಾಶೆಂಡೇಲ್ ಕದನದ ನಡುವೆ ಅಲ್ಲಿನ ಬ್ರಿಟಿಷ್ ಸೇನಾಪತಿ ಡಗ್ಲಸ್ ಹೇಗ್‌ಗೆ ಬರೆದ ಪತ್ರದಲ್ಲಿ, ಗಟ್ಟಿ ವಾದ ಇದೆ ಅಂತಲ್ಲ, ಇದಕ್ಕಿಂತ ಒಳ್ಳೆಯ ದಾರಿ ಕಾಣುತ್ತಿಲ್ಲ, ಅದಕ್ಕೇ ಈ ನೀತಿಗೆ ಅಂಟಿಕೊಂಡಿದ್ದೇನೆ ಅಂತ ತಾವೇ ಒಪ್ಪಿಕೊಂಡರು. ಆದರೂ ಪ್ರಧಾನಿ ಲಾಯ್ಡ್ ಜಾರ್ಜ್ ಎದುರು ಹೇಗ್ ಪರವಾಗಿಯೇ ನಿಂತರು. ಜಗಳ ಹಣ್ಣಾಗಿ 1918ರ ಫೆಬ್ರವರಿಯಲ್ಲಿ ಹುದ್ದೆ ಹೋಯಿತು. ಯುದ್ಧ ಮುಗಿದ ಮೇಲೆ ಜರ್ಮನಿಯ ರೈನ್ ನದಿ ಪ್ರದೇಶದಲ್ಲಿದ್ದ ಬ್ರಿಟಿಷ್ ಪಡೆಯ ಹೊಣೆ ಸಿಕ್ಕಿತು, 1920ರಲ್ಲಿ ಫೀಲ್ಡ್ ಮಾರ್ಷಲ್ ಪದವಿ.

ಭಾರತದ ಸಿಪಾಯಿಗೂ ಈ ದಾರಿ ಇತ್ತಾ ಅಂತ ನೀವು ಮುಂದೆ ಕೇಳಬಹುದು. ಇರಲಿಲ್ಲ. ಅವನು ಹೆಚ್ಚೆಂದರೆ ಸುಬೇದಾರ್ ಮೇಜರ್ ಇಲ್ಲವೇ ರಿಸಾಲ್ದಾರ್ ಮೇಜರ್ ಆಗಬಹುದಿತ್ತು. ನಿನ್ನೆ ಮೊನ್ನೆ ಬಂದ ಇಂಗ್ಲಿಷ್ ಲೆಫ್ಟಿನೆಂಟ್ ಅವನಿಗೂ ಮೇಲಿನವನು. ಭಾರತೀಯರು ಇಂಗ್ಲಿಷರಿಗೆ ಸಮನಾದ ಅಧಿಕಾರಿಗಳಾಗುವ ಬಾಗಿಲು ಸ್ವಲ್ಪ ತೆರೆದಿದ್ದು 1917ರಲ್ಲಿ. ಕೊಡಗಿನ ಕೆ.ಎಂ. ಕಾರಿಯಪ್ಪ ಇಂದೋರ್‌ನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದದ್ದು ಆ ಬಾಗಿಲಿನಿಂದಲೇ.